ಗಾಜಿನ ತೊಟ್ಟಿಗೆ ಕರೆಯದೆ ಬಂದವರು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಮನುಷ್ಯನಿಗೆ ಹುಚ್ಚು ಹಲವು ಬಗೆ. ಕೆಲವರಿಗೆ ಅಂಚೆಚೀಟಿ ಕೂಡಿಡುವ ಹುಚ್ಚು, ಕೆಲವರಿಗೆ ಯಕ್ಷಗಾನದ ಹುಚ್ಚು. ನಮ್ಮ ತರಗತಿಯ ಮಿತ್ರನೊಬ್ಬನಿಗೆ ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುವ ಹುಚ್ಚು. ನನಗೆ ಹಿಡಿದದ್ದು ಸಮುದ್ರವನ್ನು ಮನೆಯೊಳಗೆ ಇರಿಸಿಕೊಳ್ಳುವ ಹುಚ್ಚು. ಹೊನ್ನಾವರದಂಥ ಊರಿನಲ್ಲಿ, ಶರಾವತಿಯ ಸೇತುವೆ ದಾಟಿದರೆ ಕಾಸರಕೋಡಿನ ಕಡಲು ಕಾಣುವಲ್ಲಿ, ಅದೇ ಕಡಲನ್ನು ಮೂರಡಿ ಉದ್ದದ ಗಾಜಿನ ಪೆಟ್ಟಿಗೆಯಲ್ಲಿ ತುಂಬಿ ಜಗಲಿಯ ಮೂಲೆಯಲ್ಲಿ ಇಡುವುದು ವಿವೇಕಿಗಳ ಲಕ್ಷಣವಲ್ಲವೆಂದು ನಮ್ಮ ಅಪ್ಪಯ್ಯನ ಅಭಿಪ್ರಾಯ. ಅದನ್ನು ಅವರು ದಿನಕ್ಕೊಮ್ಮೆಯಾದರೂ ಪ್ರಕಟಿಸುತ್ತಾರೆ; ವಿದ್ಯುತ್ತಿನ ಬಿಲ್ಲು ಬಂದ ದಿನ ಎರಡು ಬಾರಿ.

ತೊಟ್ಟಿ ನನ್ನ ಸಂಪಾದನೆಯಲ್ಲ. ಬೆಂಗಳೂರಿನಲ್ಲಿದ್ದ ಭಾವ ಕೆಲಸದ ಮೇಲೆ ಪರದೇಶಕ್ಕೆ ಹೊರಟು ನಿಂತಾಗ, ನಾಲ್ಕು ವರ್ಷ ಸಾಕಿದ ತಮ್ಮ 'ಹವಳದ ತೊಟ್ಟಿ'ಯನ್ನು ಏನು ಮಾಡುವುದೆಂದು ತಿಳಿಯದೆ, ಕಲ್ಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಗಾಜಿನ ಸಮೇತ ರಾತ್ರಿಯ ಬಸ್ಸಿಗೆ ಹಾಕಿಬಿಟ್ಟರು. ಕಲ್ಲುಗಳೆಂದರೆ ಸಿಮೆಂಟು ಮರಳುಗಳಿಂದ ಅಚ್ಚು ಹಾಕಿದ ಕೃತಕ ಕಲ್ಲುಗಳೇ. ಆದರೆ ನಾಲ್ಕು ವರ್ಷ ಉಪ್ಪುನೀರಿನಲ್ಲಿದ್ದುದರಿಂದ ಅವುಗಳ ಮೈಮೇಲೆ ನೇರಳೆ ಬಣ್ಣದ ಪಾಚಿಯೂ, ರಂಧ್ರಗಳಲ್ಲಿ ಹುಳುಗಳೂ, ಅಂಗಿಯ ಗುಂಡಿಯಷ್ಟಗಲದ ಹೂವಿನಂಥ ಜೀವಿಗಳ ಒಂದು ಗುಂಪೂ ನೆಲೆಗೊಂಡಿದ್ದವು. ಈ ಗುಂಡಿಹೂಗಳನ್ನು ಭಾವ ಅಂಗಡಿಯಿಂದ ಕೊಂಡದ್ದು. ವಿಮಾನದಲ್ಲಿ ಬಂದ ಮಾಲೆಂದು ಅಂಗಡಿಯವನು ಹೇಳಿದ್ದನಂತೆ. ಯಾವ ದೇಶದಿಂದ ಎಂಬುದನ್ನು ಅವನೂ ಹೇಳಲಿಲ್ಲ, ಭಾವನೂ ಕೇಳಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಕಡಲ ಜೀವಿಗಳನ್ನು ಗಾಜಿನಲ್ಲಿಟ್ಟು ನೋಡುವ ಪದ್ಧತಿ ಹೊಸದೇನಲ್ಲ. 1832ರ ಸುಮಾರಿಗೆ ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿದ್ದ ಜೀನ್ ವಿಲ್‌ಪ್ರೋ ಪವರ್ ಎಂಬ ಫ್ರೆಂಚ್ ಮಹಿಳೆ, ಕಾಗದದಂಥ ತೆಳು ಚಿಪ್ಪಿನ ಆರ್ಗೊನಾಟ್ ಎಂಬ ಪ್ರಾಣಿ ತನ್ನ ಚಿಪ್ಪನ್ನು ತಾನೇ ಕಟ್ಟುತ್ತದೆಯೋ ಅಥವಾ ಬೇರೆಯವರದ್ದನ್ನು ಕದಿಯುತ್ತದೆಯೋ ಎಂದು ತಿಳಿಯುವುದಕ್ಕಾಗಿ ಗಾಜಿನ ತೊಟ್ಟಿ ಮಾಡಿಸಿದಳು. ಕದಿಯುವುದಿಲ್ಲ, ತಾನೇ ಕಟ್ಟುತ್ತದೆ ಎಂದು ಸಾಧಿಸಿಯೂ ತೋರಿಸಿದಳು. ಈಕೆ ಮೊದಲು ಉಡುಪು ಹೊಲಿಯುವ ಕೆಲಸದಲ್ಲಿದ್ದವಳೆಂಬುದು ನನ್ನಂಥ ಕಲಾವಿಭಾಗದ ವಿದ್ಯಾರ್ಥಿಗೆ ಬಹಳ ಧೈರ್ಯ ಕೊಟ್ಟ ವಿಷಯ. ಮುಂದೆ 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು, ಜೀವವಿರುವ ಕಲ್ಲುಗಳನ್ನೂ ಗಾಳಿಯ ಗುಳ್ಳೆಗಳನ್ನೂ ಬಿಟ್ಟರೆ ಬೇರೆ ಯಾವ ಯಂತ್ರವೂ ಇಲ್ಲದೆ ಸಮುದ್ರದ ತೊಟ್ಟಿಯನ್ನು ನಡೆಸಬಹುದೆಂದು ಬರೆದು ಪ್ರಕಟಿಸಿದರು. ನನ್ನದೂ ಅದೇ ಬಡವರ ಮಾರ್ಗ.

"ನೇತ್ರಾಣಿ ಇಷ್ಟು ಹತ್ತಿರವಿದೆ, ಅಲ್ಲಿಂದ ನಾಲ್ಕು ಹವಳ ತರಬಾರದೆ?" ಎಂದು ಕೇಳಿದವರು ಹಲವರು. ಮುರ್ಡೇಶ್ವರದ ಎದುರಿಗಿರುವ ಆ ದ್ವೀಪದ ಸುತ್ತ ಹವಳವಿರುವುದು ನಿಜ. ಆದರೆ ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಎಂದರೆ ಹುಲಿಯ ಪಂಕ್ತಿಗೆ, ಸೇರಿಸಲಾಗಿದೆ. ಹುಲಿಮರಿಯನ್ನು ತಂದು ಜಗಲಿಯಲ್ಲಿ ಕಟ್ಟಲಾಗದು, ಹವಳವೂ ಹಾಗೆಯೇ. ನೀರನ್ನು ಮಾತ್ರ ನಮ್ಮ ಕಡಲಿನಿಂದ ತಂದೆ. ಅದೂ ಶರಾವತಿಯ ಅಳಿವೆಯಿಂದಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟು ಆದ ಮೇಲೆ ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿದುಬರುವುದರಿಂದ ನಮ್ಮ ಹೊಳೆಯ ಬಾಯಿಯಲ್ಲಿ ಬೇಸಿಗೆಯಲ್ಲೂ ಸಾಕಷ್ಟು ಉಪ್ಪು ನಿಲ್ಲದು. ತೆರೆದ ಕಡಲಿನ ನೀರು ಲೀಟರಿಗೆ 35 ಗ್ರಾಮಿನಷ್ಟು ಉಪ್ಪು ಹೊತ್ತಿರುತ್ತದೆ. ನನ್ನ 120 ಲೀಟರ್ ತೊಟ್ಟಿಯಲ್ಲಿ ಹೀಗೆ ನಾಲ್ಕು ಕಿಲೋಗೂ ಮಿಕ್ಕ ಉಪ್ಪು. ಎರಡು ಸಣ್ಣ ಮೀನು. ಮತ್ತು ನೀರನ್ನು ಸೋಸಲೆಂದು ಕುಮಟೆಯ ಮೀನುಪೇಟೆಯಿಂದ ಜೀವಂತ ತಂದ ಆರು ನೀಲಿಕಲ್ಲು. ನೀಲಿಕಲ್ಲನ್ನು ಮಸಾಲೆಯೊಡನೆ ಮಾತ್ರ ಬಲ್ಲ ನಮ್ಮ ನೆರೆಹೊರೆಯವರಿಗೆ, ಅದು ಗಾಜಿನೊಳಗೆ ಬಾಯಿ ತೆರೆದು ಉಸಿರಾಡುವುದನ್ನು ಕಂಡು ಬಹಳ ಸಂಕೋಚವಾಯಿತು.

ಇಷ್ಟು ಪೀಠಿಕೆ. ಇನ್ನು ಕಥೆ.

ಮಾಘ ಮಾಸದ ಒಂದು ರಾತ್ರಿ ವಿದ್ಯುತ್ತು ಹೋಯಿತು. ಗಾಳಿಯ ಪಂಪು ನಿಂತಿದೆಯೆಂದು ಮೊಬೈಲಿನ ದೀಪ ಹಿಡಿದು ನೋಡಿದರೆ, ಹಗಲು ಏನೂ ಇಲ್ಲದ ಗಾಜಿನ ಮೇಲೆ ಸಾಸಿವೆ ಕಾಳಿನಂಥ ಚುಕ್ಕೆಗಳು. ಚುಕ್ಕೆಗಳು ನಡೆಯುತ್ತಿದ್ದವು! ಎಣಿಸಿದೆ, ಏಳು. ಮರುವಾರ ಹತ್ತೊಂಬತ್ತು. ತಿಂಗಳ ಕೊನೆಗೆ ಅರವತ್ತು ದಾಟಿ ಎಣಿಕೆ ತಪ್ಪಿತು. ಕಂದುಬಣ್ಣದ, ಅಲ್ಲಲ್ಲಿ ಬಿಳಿ ಮಚ್ಚೆಯ, ದುಂಡು ಬಸವನಹುಳುಗಳು. ಬೆಳಕು ಹರಿದೊಡನೆ ಎಲ್ಲವೂ ಕಲ್ಲಿನ ಸಂದಿಗೆ ಸೇರಿ ಮಾಯ.

ಮನೆಯಲ್ಲಿ ಸಭೆ ಸೇರಿತು. ಅಪ್ಪಯ್ಯನ ಸಲಹೆ ಸರಳವಾಗಿತ್ತು: ಅಡಿಕೆಯ ಕೊಳೆರೋಗಕ್ಕೆಂದು ತಂದಿಟ್ಟ ಮೈಲುತುತ್ತ ಅಟ್ಟದ ಮೇಲಿದೆ, ಒಂದು ಚಿಟಿಕೆ ಹಾಕು. ಇದು ತಮಾಷೆಯ ಮಾತಲ್ಲ. ತಾಮ್ರದ ಅಂಶ ನೀರಿನಲ್ಲಿ ಅಷ್ಟಿಷ್ಟಿದ್ದರೂ ಬಸವನಹುಳುಗಳು ಸಾಯುತ್ತವೆ. ಅವುಗಳೊಡನೆ ನೀಲಿಕಲ್ಲು, ಗುಂಡಿಹೂ, ಕಲ್ಲಿನೊಳಗಿನ ಹುಳುಗಳೆಲ್ಲ ಸಾಯುತ್ತವೆ. ಆಮೇಲೆ ಆ ಕಲ್ಲು ಬರಿಯ ಕಲ್ಲೇ. ಆಯಿಯ ಸಲಹೆ, ಎಲ್ಲವನ್ನೂ ಹಿತ್ತಿಲಿನ ಚರಂಡಿಗೆ ಸುರಿದು ತೊಟ್ಟಿಯಲ್ಲಿ ಅಕ್ಕಿ ತುಂಬಿಡುವುದು. ನಮ್ಮ ಹಿತ್ತಿಲಿನ ಚರಂಡಿ ಸಣ್ಣ ತೋಡಿಗೆ ಸೇರುತ್ತದೆ, ತೋಡು ಶರಾವತಿಗೆ, ಶರಾವತಿ ಕಡಲಿಗೆ.

ನನ್ನ ನಿದ್ದೆ ಕೆಡಿಸಿದ್ದು ಈ ಎರಡನೆಯ ಸಲಹೆ. ಹುಳುಗಳು ಬಂದದ್ದಾದರೂ ಎಲ್ಲಿಂದ? ಕಾಸರಕೋಡಿನ ನೀರಿನಲ್ಲಿ ಕಣ್ಣಿಗೆ ಕಾಣದ ಮರಿಗಳಾಗಿ ಬಂದಿದ್ದರೆ ಅವು ನಮ್ಮೂರಿನವು. ತಿರುಗಿ ನಮ್ಮ ಕಡಲಿಗೆ ಹೋದರೆ ಯಾರಿಗೂ ನಷ್ಟವಿಲ್ಲ. ಭಾವನ ಕಲ್ಲಿನೊಳಗೆ, ವಿಮಾನದ ಗುಂಡಿಹೂಗಳ ಬುಡದಲ್ಲಿ ಅಡಗಿ ಬಂದಿದ್ದರೆ? 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖಶಾಸ್ತ್ರಜ್ಞ ಮಾರಿಷಸ್‌ನಿಂದ ತಂದ ಆಫ್ರಿಕಾದ ದೈತ್ಯ ಬಸವನಹುಳುಗಳು ಕಲ್ಕತ್ತೆಯ ತೋಟವೊಂದನ್ನು ಸೇರಿದವು. ಅವುಗಳ ಸಂತತಿ ಇಂದು ದೇಶದ ಎಷ್ಟೋ ಕಡೆಯ ತೋಟಗಳಲ್ಲಿ ಎಲೆ ಉಳಿಯದಂತೆ ತಿನ್ನುತ್ತಿದೆ. ನೀರಿನಲ್ಲಿಯೂ ಹೀಗಾದದ್ದುಂಟು: ಅಮೆರಿಕದ ಕಡೆಯ ಮಿಟಿಲೊಪ್ಸಿಸ್ ಎಂಬ ಚಿಪ್ಪಿ ವಿಶಾಖಪಟ್ಟಣದ ಬಂದರಿನಲ್ಲಿ 1967ರಲ್ಲಿ ಮೊದಲು ಕಂಡು, ಹಡಗಿನ ತಳವನ್ನೂ ಧಕ್ಕೆಯ ಕಂಬಗಳನ್ನೂ ಮುತ್ತಿತು. ಹೊಳೆಯ ಬದಿಯಲ್ಲಿ ಚಿಪ್ಪಿ ಹೆಕ್ಕಿ ಬದುಕುವವರು ನಮ್ಮ ತಾಲೂಕುಗಳಲ್ಲಿ ಎಷ್ಟು ಜನ ಇದ್ದಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಬಕೆಟ್ ನೀರು ಚೆಲ್ಲುವ ಮೊದಲು ಈ ಸಾಸಿವೆ ಕಾಳಿನ ಕುಲಗೋತ್ರ ತಿಳಿಯಲೇಬೇಕೆಂದು ಹಟ ಹುಟ್ಟಿತು.

ಬಸವನಹುಳುವಿನ ಗುರುತು ಹಿಡಿಯುವಾಗ ಬಣ್ಣವನ್ನು ನಂಬುವಂತಿಲ್ಲ. ಒಂದೇ ಜಾತಿಯಲ್ಲಿ ಹತ್ತು ಬಣ್ಣವಿರುತ್ತದೆ. ಮೊದಲ ಪ್ರಶ್ನೆ, ಇದು ಮರಿಯೋ ದೊಡ್ಡದೋ ಎಂಬುದು. ದೊಡ್ಡ ಶಂಖದ ಹುಳುವಿನ ಮರಿಯಾಗಿದ್ದರೆ ಬೆಳೆಯಬೇಕಷ್ಟೆ. ನಕ್ಷೆ ಬರೆಯುವ ಚೌಕುಳಿ ಕಾಗದವನ್ನು ಗಾಜಿನ ಹೊರಬದಿಗೆ ಅಂಟಿಸಿ, ಮೇಲೆ ಹರಿದಾಡಿದವುಗಳನ್ನು ಪ್ರತಿ ರಾತ್ರಿ ಅಳೆದು ಬರೆದಿಟ್ಟೆ. ಐದು ವಾರವಾದರೂ ಯಾವುದೂ 4 ಮಿಲಿಮೀಟರ್ ದಾಟಲಿಲ್ಲ. ಅದೇ ಹೊತ್ತಿಗೆ ಅರ್ಧ ಮಿಲಿಮೀಟರಿನ ಹೊಸ ಪೀಳಿಗೆ ಕಾಣಿಸಿಕೊಂಡಿತು. ಮಕ್ಕಳಾದ ಮೇಲೆ ಮರಿಯೆನ್ನುವುದು ಹೇಗೆ? ಇವು ದೊಡ್ಡವೇ, ಜಾತಿಯೇ ಕುಳ್ಳು.

ಎರಡನೆಯದು ಬಾಯಿ. ಚಿಪ್ಪಿನ ಬಾಯಂಚಿನಲ್ಲಿ ಮೂತಿಯಂತೆ ಚಾಚಿದ ಕಾಲುವೆಯಿದ್ದರೆ ಅದು ಬಹುಮಟ್ಟಿಗೆ ಬೇಟೆಗಾರರ ವಂಶ. ಆ ಕಾಲುವೆಯಿಂದ ನಳಿಗೆ ಚಾಚಿ ನೀರಿನ ವಾಸನೆ ಹಿಡಿಯುತ್ತವೆ. ಬಾಯಿ ನುಣ್ಣಗೆ ದುಂಡಗಿದ್ದರೆ ಸಾಮಾನ್ಯವಾಗಿ ಪಾಚಿ ಮೇಯುವ ಸಾಧುಗಳು. ನನ್ನವುಗಳದು ದುಂಡು ಬಾಯಿ. ಗಾಜಿನ ಮೇಲೆ ಹರಿದಾಗ ಭೂತಗನ್ನಡಿಯಲ್ಲಿ ಅವುಗಳ ನಾಲಗೆಯೂ ಕಾಣುತ್ತಿತ್ತು. ಅರ ಹಾಕಿದ ಪಟ್ಟಿಯಂತೆ ಮುಂದೆ ಹಿಂದೆ ಉಜ್ಜುತ್ತ, ಹಸಿರು ಪೊರೆಯಲ್ಲಿ ಸಣ್ಣ ಸಣ್ಣ ಗೀರು ಬಿಟ್ಟುಹೋಗುತ್ತಿತ್ತು.

ಮೂರನೆಯದು ಮುಚ್ಚಳ. ಹೆದರಿದಾಗ ಮೈಯನ್ನು ಒಳಗೆಳೆದು ಬಾಗಿಲು ಹಾಕಿಕೊಳ್ಳುವ ತಟ್ಟೆ ಇದು. ಕುಲ ನಿರ್ಣಯಕ್ಕೆ ಇದರಷ್ಟು ನಂಬಿಕೆಯ ಸಾಕ್ಷಿ ಕಡಮೆ. ಟ್ರೋಕಸ್ ಕುಲದವರದು ಕೊಂಬಿನಂಥ ತೆಳು ಮುಚ್ಚಳ. ಬಂಡೆಯ ಮೇಲೆ ಎಲ್ಲೆಲ್ಲೂ ಕಾಣುವ ನೆರೈಟ್ ಎಂಬವುಗಳದು ಸುಣ್ಣದ್ದು, ಆದರೆ ಅರ್ಧಚಂದ್ರಾಕಾರ. ಟರ್ಬೊ ಕುಲದವರದು ಸುಣ್ಣದ್ದು, ದುಂಡು. ಸತ್ತ ಒಂದರ ಮುಚ್ಚಳವನ್ನು ಸೂಜಿಯ ತುದಿಯಿಂದ ಬಿಡಿಸಿ, ಗಾಜಿನ ತುಂಡಿನ ಮೇಲಿಟ್ಟು, ಆಯಿಯ ಅಡಿಗೆಮನೆಯಿಂದ ಒಂದು ತೊಟ್ಟು ನಿಂಬೆಹುಳಿ ಹಿಂಡಿದೆ. ಭೂತಗನ್ನಡಿಯ ಕೆಳಗೆ ನೊರೆ ಗುಳ್ಳೆಗಳು ಎದ್ದವು. ಸುಣ್ಣ! ಆಕಾರ ದುಂಡು. ಟರ್ಬೊಗಳ ದಾಯಾದಿಗಳಾದ, ಐದು ಮಿಲಿಮೀಟರಿಗಿಂತ ಹೆಚ್ಚು ಬೆಳೆಯದ, ಇರುಳು ಮೇಯುವ ಕೊಲೊನಿಸ್ಟ ಎಂಬ ಗುಂಪು ಜಗತ್ತಿನ ಹವಳದ ತೊಟ್ಟಿಗಳಲ್ಲೆಲ್ಲ ಹೀಗೆ ಕರೆಯದೆ ಬರುವುದುಂಟೆಂದು ಓದಿ ತಿಳಿದೆ. ಅವು ಹವಳಕ್ಕೂ ಮೀನಿಗೂ ಕೇಡು ಮಾಡುವುದಿಲ್ಲ. ಮೈಲುತುತ್ತ ಅಟ್ಟದಿಂದ ಇಳಿಯಬೇಕಾಗಿಲ್ಲವೆಂದು ಅಪ್ಪಯ್ಯನಿಗೆ ತಿಳಿಸಿದೆ. ಅವರು, "ಸರಿ, ಯಾವ ಊರಿನವು?" ಎಂದರು. ವಕೀಲರ ಗುಮಾಸ್ತರಾಗಿದ್ದವರು, ಅಗತ್ಯದ ಪ್ರಶ್ನೆಯನ್ನು ಅವರು ಬಿಡುವವರಲ್ಲ.

ಅಮಾವಾಸ್ಯೆಯ ಆಚೀಚೆ ಕಡಲು ಬಹಳ ದೂರ ಇಳಿಯುತ್ತದೆ. ಅಂಥ ಮೂರು ದಿನ ನೋಡಿಕೊಂಡು ಭಟ್ಕಳ, ಹೊನ್ನಾವರ, ಕುಮಟೆಯ ದಂಡೆಗಳನ್ನು ಹುಡುಕಿದೆ. ಭಟ್ಕಳದ ಕಡೆ ಜಾಲಿಯಿಂದ ಮುರ್ಡೇಶ್ವರದ ತನಕದ ಬಂಡೆಗಳಲ್ಲಿ ನೆರೈಟುಗಳೂ, ನೀರಿನ ಗೆರೆಗಿಂತ ಮೇಲೇ ಕೂತಿರುವ ಪುಟ್ಟ ಲಿಟ್ಟೊರಿನಾಗಳೂ ಸಾವಿರ. ನೀರು ನಿಂತ ಹೊಂಡವೊಂದರಲ್ಲಿ ಕಲ್ಲು ಮಗುಚಿದಾಗ ದುಂಡು ಸುಣ್ಣದ ಮುಚ್ಚಳದ ಪುಟ್ಟವು ಎರಡು ಸಿಕ್ಕಿ, ಒಂದು ಕ್ಷಣ ಎದೆ ಹಾರಿತು. ಆದರೆ ಅವುಗಳ ಚಿಪ್ಪಿನ ಮೇಲೆ ಜಪಮಣಿ ಪೋಣಿಸಿದಂತೆ ಸಾಲು ಸಾಲು ಉಬ್ಬುಗಳು, ನನ್ನವು ನಯ. ಮಗುಚಿದ ಕಲ್ಲನ್ನು ಇದ್ದಂತೆಯೇ ಇಟ್ಟು ಬಂದೆ. ಹೊನ್ನಾವರದ ಹೊಳೆಬದಿಯಲ್ಲಿ ಏನೂ ಇಲ್ಲ. ಕಾಸರಕೋಡು ಬರಿಯ ಮರಳು.

ಅಲ್ಲದೆ, 'ನಮ್ಮೂರಿನದು' ಎಂಬ ಮಾತೇ ಚರಿತ್ರೆಯ ವಿದ್ಯಾರ್ಥಿಗೆ ಸ್ವಲ್ಪ ಕಷ್ಟದ್ದು. ಭಟ್ಕಳ ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ರೇವು. ಹೊನ್ನಾವರಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಬಂದುಹೋದ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಆ ಹತ್ತಿಗೆ ಕುಮಟೆಯ ಹೆಸರೇ ನಿಂತಿತ್ತು. ಇಷ್ಟು ಶತಮಾನ ಇಷ್ಟು ಹಡಗುಗಳ ತಳಕ್ಕೆ ಅಂಟಿ ಬಂದ ಪಾಚಿ, ಚಿಪ್ಪಿ, ಹುಳುಗಳನ್ನು ಸುಂಕದ ಕಟ್ಟೆಯಲ್ಲಿ ಯಾರೂ ಲೆಕ್ಕ ಬರೆದಿಟ್ಟಿಲ್ಲ.

ಇದರ ನಡುವೆ ತೊಟ್ಟಿಯಲ್ಲಿ ಇನ್ನೊಂದು ವಿಪತ್ತು. ಆರು ನೀಲಿಕಲ್ಲುಗಳಲ್ಲಿ ಎರಡು ಬಾಯಿ ಮುಚ್ಚಲಾರದೆ ಸತ್ತವು, ಉಳಿದವು ಸಪ್ಪೆಯಾದವು. ಸಂಶಯವೆಲ್ಲ ದುಂಡು ಹುಳುಗಳ ಮೇಲೆಯೇ. ಅಪ್ಪಯ್ಯ ಅಟ್ಟದ ಕಡೆ ನೋಡಿದರು. ನಡುರಾತ್ರಿ ದೀಪಕ್ಕೆ ಕೆಂಪು ಕಾಗದ ಸುತ್ತಿ ನೋಡಿದೆ. ನೀಲಿಕಲ್ಲಿನ ತುಟಿಯ ಅಂಚಿನಲ್ಲಿ ಅಕ್ಕಿನುಚ್ಚಿನಂಥ ಬಿಳಿಯ, ಚೂಪಾದ, ಎರಡೂವರೆ ಮಿಲಿಮೀಟರಿನ ಬೇರೆಯೇ ಹುಳುಗಳು ಸಾಲಾಗಿ ಕೂತಿದ್ದವು. ದುಂಡಿನವು ಅತ್ತ ಸುಳಿದೂ ಇರಲಿಲ್ಲ.

ಬಿಳಿಯದೊಂದನ್ನು ಹಿಡಿದು ತುದಿಯನ್ನು ನೋಡಿದಾಗ ವಿಚಿತ್ರವೊಂದು ಕಂಡಿತು. ಶಂಖದ ಸುತ್ತುಗಳು ಸಾಧಾರಣವಾಗಿ ಬಲಕ್ಕೆ. ತುದಿ ಮೇಲಾಗಿ ಹಿಡಿದರೆ ಬಾಯಿ ನಮ್ಮ ಬಲಗಡೆ ಇರುತ್ತದೆ. (ನಾವು ಪೂಜೆಗೆ ಬೆಲೆ ಕಟ್ಟುವ ಬಲಮುರಿ ಶಂಖ ಶಾಸ್ತ್ರಜ್ಞರ ಲೆಕ್ಕದಲ್ಲಿ ಎಡಮುರಿ! ಅವರು ತುದಿ ಮೇಲಾಗಿ ಹಿಡಿಯುತ್ತಾರೆ, ನಾವು ಕೆಳಗಾಗಿ, ಜಗಳವಿಲ್ಲ.) ಈ ಬಿಳಿಯದರ ಮೈ ಬಲಕ್ಕೆ ಸುತ್ತಿತ್ತು, ಆದರೆ ಕೊನೆಯ ತುದಿ, ಎಂದರೆ ಅದು ಮರಿಯಾಗಿದ್ದಾಗಿನ ಚಿಪ್ಪು, ಅಡ್ಡಕ್ಕೆ ವಾಲಿ ಎದುರು ದಿಕ್ಕಿಗೆ ತಿರುಗಿತ್ತು. ಇದು ಪಿರಮಿಡೆಲ್ಲಿಡ್ ಎಂಬ ವಂಶದ ಹುಟ್ಟುಮಚ್ಚೆ. ಇವುಗಳಿಗೆ ಅರದ ನಾಲಗೆಯಿಲ್ಲ. ಸೂಜಿಯಂಥ ಮೂತಿಯಿಂದ ಚಿಪ್ಪಿಗಳ ಮೈ ಚುಚ್ಚಿ ರಸ ಹೀರುತ್ತವೆ.

ಇವು ಎಲ್ಲಿಂದ ಬಂದವೆಂಬುದು ಕುಮಟೆಯಲ್ಲಿ ತಿಳಿಯಿತು. ಅಘನಾಶಿನಿಗೆ ಅಣೆಕಟ್ಟಿಲ್ಲ, ಸಿಹಿ ಉಪ್ಪುಗಳು ಅಲ್ಲಿ ಋತುಮಾನಕ್ಕೆ ತಕ್ಕಂತೆ ಬೆರೆಯುತ್ತವೆ, ಆದ್ದರಿಂದ ಚಿಪ್ಪಿಗಳ ತವರು. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು. ಇಳಿತದ ಹೊತ್ತಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಬೆಳಚು ಹೆಕ್ಕುತ್ತಿದ್ದ ಒಬ್ಬ ಹಿರಿಯಾಕೆಯನ್ನು ಮಾತನಾಡಿಸಿ, ಬೆಂಕಿಪೊಟ್ಟಣದಲ್ಲಿ ಒಯ್ದಿದ್ದ ಬಿಳಿಹುಳುವನ್ನು ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ತಮ್ಮ ಬುಟ್ಟಿಯಿಂದ ಒಂದು ಬೆಳಚನ್ನು ಎತ್ತಿ, ಅದರ ಅಂಚಿನಿಂದ ಅಂಥದೇ ಒಂದನ್ನು ಉಗುರಿನಿಂದ ಚಿಮ್ಮಿದರು.

"ತಲೆಗೆ ಹೇನು ಇದ್ದ ಹಾಂಗೆ ತಮಾ, ಬೆಳಚಿಗೆ ಇದು. ಇದನ್ನ ಎಂತಕೆ ಪೊಟ್ಟಣದಲ್ಲಿ ಹಾಕ್ಕಂಡೆ?"

ದುಂಡಿನದನ್ನು ತೋರಿಸಿದೆ. ಅಂಗೈಯಲ್ಲಿ ಉರುಳಿಸಿ ಬಹಳ ಹೊತ್ತು ನೋಡಿದರು. "ಇದು ನಮ್ಮದಲ್ಲ" ಎಂದರು. ಮತ್ತೆ, ಮೊದಲಿನಂತೆ ಈಗ ಬೆಳಚು ಸಿಗುವುದಿಲ್ಲವೆಂದೂ, ಬುಟ್ಟಿ ತುಂಬಲು ಎರಡು ಇಳಿತ ಬೇಕೆಂದೂ ಹೇಳಿ ಮುಂದಕ್ಕೆ ಸರಿದರು.

ಒಂದೂವರೆ ತಿಂಗಳ ನನ್ನ ಚೌಕುಳಿ ಕಾಗದ, ನಿಂಬೆಹುಳಿಗಳ ಸಂಶೋಧನೆ ಅರ್ಧ ನಿಮಿಷದಲ್ಲಿ ಮುಗಿದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ನಗು ಬಂತು. ಕೇಡುಮಾಡುವವನು ಮೀನುಪೇಟೆಯ ನೀಲಿಕಲ್ಲಿನ ಜೊತೆಗೇ ಬಂದ ನಮ್ಮೂರಿನವನು. ನಾನು ವಾರಂಟು ಹೊರಡಿಸಲಿದ್ದ ಪರದೇಶಿಯೋ, ಗಾಜು ತೊಳೆದುಕೊಂಡಿದ್ದ ನಿರಪರಾಧಿ. ಬಿಳಿಯವನ್ನು ಅಂದಿನಿಂದ ರಾತ್ರಿ ಹತ್ತರ ಮೇಲೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೆಗೆಯುತ್ತಿದ್ದೇನೆ. ಹದಿನೆಂಟು ದಿನದ ಮೇಲೆ ಒಂದೂ ಕಾಣಲಿಲ್ಲ. ನಾಲ್ಕು ನೀಲಿಕಲ್ಲುಗಳು ಈಗ ತಟ್ಟಿದರೆ ಥಟ್ಟನೆ ಬಾಯಿ ಮುಚ್ಚುತ್ತವೆ.

ದುಂಡಿನವನ್ನು ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ಕಲಿಸುವ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕುಟುಂಬ ನಾನು ಹೇಳಿದ್ದೇ ಎಂದು ಒಪ್ಪಿದರು. ಜಾತಿ ಯಾವುದೆಂದು ಹೇಳಬೇಕಾದರೆ ನಾಲಗೆಯ ಹಲ್ಲುಗಳನ್ನು ಎಣಿಸಬೇಕು, ಜೀವಕೋಶದ ಅನುವಂಶಿಕ ಅಕ್ಷರಗಳನ್ನು ಓದಿಸಬೇಕು, ಹಾಗೆ ಮಾಡಿದ ಮೇಲೂ ಹೋಲಿಸುವುದಕ್ಕೆ ಹಳೆಯ ನಮೂನೆ ಬೇಕು ಎಂದರು. "ಅಲ್ಲಿಯ ತನಕ ಹೊರಗಿನದೆಂದೇ ತಿಳಿದುಕೋ, ನೀರು ಚೆಲ್ಲಬೇಡ" ಎಂದದ್ದು ಅವರ ತೀರ್ಪು.

ಆದಕಾರಣ ವಾರಕ್ಕೆ ಹತ್ತು ಲೀಟರ್ ಬದಲಿಸುವ ತೊಟ್ಟಿನೀರು ನಮ್ಮ ಹಿತ್ತಿಲಿನ ಚರಂಡಿಯನ್ನು ಕಾಣುವುದಿಲ್ಲ. ಬಿಸಿಲಿರುವಾಗ ಅಂಗಳದ ಸಿಮೆಂಟಿನ ತಟ್ಟೆಯಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ, ತೆಂಗಿನ ಸಿಪ್ಪೆಯ ಉರಿಯ ಮೇಲೆ ಕುದಿಯುತ್ತದೆ. ಪಾತ್ರೆಯ ತಳದಲ್ಲಿ ಉಳಿಯುವ ಬಿಳಿ ಹುಡಿಯನ್ನು ನೋಡಿ ಆಯಿ, "ಸಾಣಿಕಟ್ಟೆಯಲ್ಲಿ ಕಿಲೋಗಟ್ಟಲೆ ಸಿಕ್ತದಲ್ಲೋ, ಮನೆಯಲ್ಲೇ ಉಪ್ಪು ಮಾಡುಕೆ ಹೊಂಟ್ಯಾ?" ಎನ್ನುತ್ತಾಳೆ.

ಭಟ್ಕಳದ ಕಡೆಯಿಂದ ಕಾಲೇಜಿಗೆ ಬರುವ ಮಿತ್ರರಲ್ಲಿ ಒಂದು ಕೋರಿಕೆ. ತೆಂಗಿನಗುಂಡಿಯ ಆಚೆಯ ಬಂಡೆಗಳನ್ನು ನಾನಿನ್ನೂ ನೋಡಿಲ್ಲ. ಇಳಿತದ ಹೊತ್ತಿಗೆ ಅತ್ತ ಹೋದವರು, ಕಲ್ಲಿನ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ, ನಯವಾದ, ಕಂದುಬಣ್ಣದ ದುಂಡು ಚಿಪ್ಪನ್ನು ಕಂಡರೆ, ಸತ್ತದ್ದಾದರೆ ಪೊಟ್ಟಣದಲ್ಲಿ ತನ್ನಿ. ಜೀವವಿದ್ದರೆ ಜಾಗದ ಗುರುತನ್ನು ಮಾತ್ರ ಬರೆದುಕೊಂಡು, ಕಲ್ಲನ್ನು ಇದ್ದಂತೆ ಮಗುಚಿಟ್ಟು ಬನ್ನಿ. ಸೋಮವಾರ ಮಧ್ಯಾಹ್ನ ನಾನು ವಾಚನಾಲಯದ ಕಿಟಕಿಯ ಬಳಿ ಇರುತ್ತೇನೆ.